ಎರಡು ಪೆಟ್ಟಿಗೆ, ಮೂರು ಕಿವಿ

ಮನೆಗೆ ಮೊದಲ ಬಾರಿಗೆ ಸ್ಟೀರಿಯೋ ಕೊಳ್ಳುವವರಿಗಾಗಿ ನಾಲ್ಕು ಮಾತು ಹೇಳಬೇಕೆಂದು ಬಾನುಲಿಯವರು ಕೇಳಿದಾಗ ನನಗೆ ಒಳಗೊಳಗೇ ನಗು ಬಂದಿತು. ಈ ಮಾತುಗಳನ್ನು ಕೇಳುವವರಲ್ಲಿ ಎಷ್ಟೋ ಮಂದಿಯ ಮುಂದಿರುವುದು ಮೀಡಿಯಂ ವೇವಿನ ರೇಡಿಯೋ. ಅದಕ್ಕೆ ಇರುವುದು ಒಂದೇ ಗಂಟಲು. ಒಂದು ಗಂಟಲಿನ ಮುಂದೆ ಕುಳಿತು ಎರಡು ಗಂಟಲಿನ ಮಹಿಮೆಯನ್ನು ಕೇಳುವುದು ಹೇಗೆ? ಆದರೆ ಈ ವ್ಯವಹಾರದಲ್ಲಿ ನಾನು ಕಲಿತದ್ದನ್ನು ನೆನೆದುಕೊಂಡರೆ, ಒಂದು ಗಂಟಲಿನ ರೇಡಿಯೋವೇ ಈ ಮಾತಿಗೆ ತಕ್ಕ ವಾಹನವೆಂದು ಈಗ ಅನ್ನಿಸುತ್ತಿದೆ.

ನಾನು ಧಾರವಾಡದ ನಿವೃತ್ತ ಮೇಷ್ಟ್ರು. ಅರವತ್ತಮೂರು ದಾಟುವವರೆಗೆ ನಮ್ಮ ಮನೆಗೆ ಸ್ಟೀರಿಯೋ ಬಂದಿರಲಿಲ್ಲ. ತಂದೆಯವರ ಕಾಲದ ಕಟ್ಟಿಗೆ ಪೆಟ್ಟಿಗೆಯ ರೇಡಿಯೋ ಇತ್ತು. ಆಮೇಲೆ ಕ್ಯಾಸೆಟ್ಟಿನ ಸುರುಳಿಯನ್ನು ಆಗಾಗ ನುಂಗುತ್ತಿದ್ದ ಟೇಪ್ ರೆಕಾರ್ಡರು. ಇತ್ತೀಚೆಗೆ ಎಲ್ಲರಂತೆ ಅಂಗೈಯಷ್ಟಗಲದ ಫೋನು. ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಆಲಾಪವನ್ನು ಕೇಳುವುದೆಂದರೆ ಕಿಟಕಿಯ ಸಂದಿಯಿಂದ ರಥೋತ್ಸವ ನೋಡಿದಂತೆ. ಸೋದರಮಾವ ಬಿಟ್ಟುಹೋದ ನಲವತ್ತು ಎಲ್‌ಪಿ ತಟ್ಟೆಗಳು ಬೇರೆ ಅಟ್ಟದ ಮೇಲೆ ಕುಳಿತು ನನ್ನನ್ನು ಅಣಕಿಸುತ್ತಿದ್ದವು. ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ತೆಗೆದಿರಿಸಿದ 35,000 ರೂಪಾಯಿ ಇತ್ತು. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಹೆಂಡತಿಯ ಮುಂದೆ ವಿಷಯ ತೆಗೆದೆ. ಅವಳು ಮದುವೆಗೆ ಮುಂಚೆ ಎಂಟು ವರ್ಷ ಹಾಡುಗಾರಿಕೆ ಕಲಿತವಳು. ಅನಂತರ ಮನೆ, ಮಕ್ಕಳು, ಅತ್ತೆಯ ಕಾಯಿಲೆ ಎಂದು ತಂಬೂರಿಗೆ ಗವಸು ಬಿತ್ತು.

“ಗ್ವಾಡಿ ಏನ್ ಬಣ್ಣ ಕೇಳ್ತಾವೇನ್ರಿ? ತಗೋರಿ,” ಎಂದಳು. ಅಷ್ಟು ಸುಲಭವಾಗಿ ಒಪ್ಪಿಗೆ ಸಿಕ್ಕಿದ್ದು ನನಗೆ ಸೋಜಿಗವೇ ಆಯಿತು.

ಹುಬ್ಬಳ್ಳಿಯಲ್ಲಿ ನಾವು ಮೊದಲು ಹೊಕ್ಕ ಅಂಗಡಿಯಲ್ಲಿ ಕೆಂಪು, ನೀಲಿ ದೀಪಗಳು ತಾಳಕ್ಕೆ ಸರಿಯಾಗಿ ಹತ್ತಿ ಆರುತ್ತಿದ್ದವು. ಮಾರುವ ಹುಡುಗ ಬಹಳ ವಿನಯಶೀಲ. “ಸರ್, ಇದು ನಾಕ್ ಸಾವಿರ ವ್ಯಾಟ್ ಐತ್ರಿ,” ಎಂದು ಪೆಟ್ಟಿಗೆಯ ಮೇಲಿನ ಚೀಟಿಯನ್ನು ತೋರಿಸಿದ. ನಾಲ್ಕು ಸಾವಿರ ವ್ಯಾಟೆಂದರೆ ನಾಲ್ಕು ಇಸ್ತ್ರಿಪೆಟ್ಟಿಗೆಗಳು ಏಕಕಾಲಕ್ಕೆ ಸುಡುವ ವಿದ್ಯುತ್ತು. ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ಫಲಕ ನೋಡಿದರೆ, ಅದು ಗೋಡೆಯಿಂದ ಎಳೆದುಕೊಳ್ಳುವುದು 40 ವ್ಯಾಟೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. 40 ಉಂಡು 4,000 ಕಕ್ಕುವ ಯಂತ್ರವಿದ್ದರೆ ಕಾಳಿ, ಶರಾವತಿಗಳಿಗೆ ಅಣೆಕಟ್ಟು ಕಟ್ಟುವ ಅಗತ್ಯವೇ ಇರಲಿಲ್ಲ. ಇಂಥ ಲೆಕ್ಕಕ್ಕೆ ಪಿಎಂಪಿಓ ಎಂಬ ಹೆಸರಿದೆ. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಮಾಪನವೆಂಬುದಿಲ್ಲ. ಮಾರುವವನ ಔದಾರ್ಯವೇ ಅದರ ಮಿತಿ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದ ಅಂಕಿಯನ್ನು, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು. ಅದು ಕೂಡ ನಮ್ಮಂಥವರ ಮನೆಗೆ ದೊಡ್ಡದಾಗಿ ಬೇಕಿಲ್ಲ. ವ್ಯಾಟು ಇಮ್ಮಡಿಯಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಶಬ್ದ ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ನಮ್ಮ ಪಡಸಾಲೆಯಲ್ಲಿ ಖಯಾಲು ಕೇಳುವುದಕ್ಕೆ ಐದಾರು ವ್ಯಾಟು ಖರ್ಚಾದರೆ ಹೆಚ್ಚು.

ಆ ಹುಡುಗ ಬಿಡಲಿಲ್ಲ. ಜೊತೆಗೊಂದು ಗುಂಡನೆಯ ದೊಡ್ಡ ಪೆಟ್ಟಿಗೆ ಕೊಳ್ಳಿರಿ, ಎದೆ ನಡುಗುತ್ತದೆ ಎಂದ. ಅದನ್ನು ಸಬ್‌ವೂಫರ್ ಎನ್ನುತ್ತಾರೆ. ಇಲ್ಲಿ ಕೊಳ್ಳುವವನು ತನಗೆ ಬೇಕಾದ ಸಂಗೀತ ಯಾವುದೆಂದು ತನ್ನನ್ನೇ ಕೇಳಿಕೊಳ್ಳಬೇಕು. ಗಂಡಸರು ಕಾಳಿ ಒಂದರಲ್ಲಿ ಷಡ್ಜ ಹಿಡಿದರೆ ಅದರ ಕಂಪನ ಸೆಕೆಂಡಿಗೆ ಸುಮಾರು 139. ತಂಬೂರಿಯ ಖರಜದ ತಂತಿ ಅದರ ಅರ್ಧಕ್ಕೆ, ಸುಮಾರು 69ಕ್ಕೆ ಇಳಿಯುತ್ತದೆ. ಐದೂವರೆ ಅಂಗುಲದ ಸ್ಪೀಕರುಳ್ಳ ಒಳ್ಳೆಯ ಸಣ್ಣ ಪೆಟ್ಟಿಗೆ 60ರ ಆಸುಪಾಸಿನವರೆಗೆ ಇಳಿಯಬಲ್ಲದು. ಹಾಗಿರುವಾಗ ಎದೆ ನಡುಗಿಸಿಕೊಳ್ಳಲು ಏಳೆಂಟು ಸಾವಿರ ತೆರುವುದೇಕೆ? ಇನ್ನೊಂದು ಮಾತು: ತಂಬೂರಿಯ ಜೀವ ಇರುವುದು ಆ ಮಂದ್ರದಲ್ಲಿ ಅಲ್ಲ, ಜವಾರಿಯಿಂದ ಹೊರಡುವ ಸಣ್ಣಸಣ್ಣ ಮೇಲ್‌ಸ್ವರಗಳ ಜೇನುಗುಂಜಾರವದಲ್ಲಿ. ಅಗ್ಗದ ಪೆಟ್ಟಿಗೆಗಳು ಮೊದಲು ಕೊಲ್ಲುವುದು ಇದನ್ನೇ. ಸಿನಿಮಾ ನೋಡುವವರ ಲೆಕ್ಕ, ಪಾಶ್ಚಾತ್ಯ ವಾದ್ಯವೃಂದ ಕೇಳುವವರ ಲೆಕ್ಕ ಬೇರೆ ಇರಬಹುದು. ಅವರೊಡನೆ ನನಗೆ ಜಗಳವಿಲ್ಲ.

ಸ್ಪೀಕರು ಪರೀಕ್ಷಿಸಲು ಅಂಗಡಿಯವರು ಹಾಕುವ ಹಾಡನ್ನು ಕೇಳಬಾರದೆಂಬುದು ನನ್ನ ಅನುಭವ. ಆ ಹಾಡು ಎಂಥ ಪೆಟ್ಟಿಗೆಯಲ್ಲೂ ಚೆನ್ನಾಗಿ ಕೇಳುವಂತೆ ಆರಿಸಿದ್ದಾಗಿರುತ್ತದೆ. ನಾನು ಗಂಗೂಬಾಯಿ ಹಾನಗಲ್ಲರ ಕಂಠವನ್ನು ಒರೆಗಲ್ಲು ಮಾಡಿಕೊಂಡೆ. ಗಂಟಲಿನ ಚಿಕಿತ್ಸೆಯಾದ ಬಳಿಕ ಅವರ ದನಿ ಗಂಡುದನಿಯ ಗಾಂಭೀರ್ಯವನ್ನು ಪಡೆದದ್ದು ನಿಮಗೆ ತಿಳಿದೇ ಇದೆ. 2009ರಲ್ಲಿ ಅವರು ತೀರಿಕೊಳ್ಳುವವರೆಗೆ ಈ ಅವಳಿ ಊರುಗಳಲ್ಲಿ ಆ ದನಿಯನ್ನು ಹತ್ತಿರದಿಂದ ಕೇಳದ ಸಂಗೀತಪ್ರೇಮಿ ಇರಲಿಕ್ಕಿಲ್ಲ. ಒಂದು ಅಂಗಡಿಯ ಸ್ಪೀಕರಿನಲ್ಲಿ ಅವರು ಶೀತವಾದ ಹುಡುಗಿಯಂತೆ ಕೇಳಿದರು. ಇನ್ನೊಂದರಲ್ಲಿ ಹಗೇವಿನೊಳಗಿಂದ ಕೂಗಿದಂತೆ. ಬಲ್ಲ ದನಿಯೊಂದನ್ನು ಕಿವಿಯಲ್ಲಿ ಇಟ್ಟುಕೊಂಡು ಹೋದವನನ್ನು ಮೋಸಗೊಳಿಸುವುದು ಕಷ್ಟ.

ಮೂರನೆಯ ಅಂಗಡಿ ಸಣ್ಣದು, ಮಾಲೀಕರು ವಯಸ್ಸಾದವರು, ದೀಪಗಳ ಗದ್ದಲವಿಲ್ಲ. ಅಲ್ಲಿ ನಡೆದದ್ದನ್ನು ಹೇಳುವ ಮೊದಲು ಸ್ಟೀರಿಯೋ ಎಂದರೇನೆಂದು ಎರಡು ಮಾತು ಹೇಳಬೇಕು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಘನ ಎಂಬ ಅರ್ಥವಿದೆ. ಅಲನ್ ಬ್ಲೂಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರ್ ಮುಂದೆ ತನ್ನ ಹೆಂಡತಿಯಾಗಲಿದ್ದವಳೊಡನೆ ಸಿನಿಮಾಕ್ಕೆ ಹೋಗಿದ್ದನಂತೆ. ನಟ ತೆರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೂ ಮಾತು ಮಾತ್ರ ಇದ್ದಲ್ಲಿಂದಲೇ ಬರುತ್ತಿತ್ತು. ಮಾತು ನಟನ ಬೆನ್ನು ಹತ್ತಿ ಹೋಗುವಂತೆ ಮಾಡುವ ದಾರಿ ತನಗೆ ಹೊಳೆದಿದೆಯೆಂದು ಅವನು ಅವಳಿಗೆ ಹೇಳಿದನೆಂದು ಕಥೆ. ಕಥೆ ಹೇಗೇ ಇರಲಿ, 1931ರ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟು ದಾಖಲೆಯಲ್ಲಿದೆ. ನಮ್ಮ ಎರಡು ಕಿವಿಗಳಿಗೆ ಒಂದೇ ಶಬ್ದ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಮುಂದೆ ಹಿಂದೆ ಬಂದು ತಲುಪುತ್ತದೆ. ಒಂದಕ್ಕೆ ತುಸು ಜೋರಾಗಿ, ಇನ್ನೊಂದಕ್ಕೆ ತುಸು ಮೆತ್ತಗೆ. ಈ ಕೂದಲೆಳೆಯ ವ್ಯತ್ಯಾಸದಿಂದ ಮೆದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ. ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎಡದ ಶಬ್ದವನ್ನೂ ಬಲದ ಶಬ್ದವನ್ನೂ ಬೇರೆಬೇರೆಯಾಗಿ ಕೆತ್ತುವ ಉಪಾಯ ಆ ಪೇಟೆಂಟಿನಲ್ಲೇ ಇತ್ತು. ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದು ನೆಲೆನಿಂತದ್ದು 1958ರ ಸುಮಾರಿಗೆ. ಅಷ್ಟರಲ್ಲಿ ಬ್ಲೂಮ್‌ಲೈನ್ ತೀರಿಹೋಗಿ ಹದಿನಾರು ವರ್ಷವಾಗಿತ್ತು. 1942ರಲ್ಲಿ, ಯುದ್ಧಕಾಲದ ರೇಡಾರ್ ಪರೀಕ್ಷೆಯ ವಿಮಾನ ಉರುಳಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಅವನು ಸತ್ತ.

ಆ ಅಂಗಡಿಯ ಹಿರಿಯರು ಒಂದು ಜುಗಲ್‌ಬಂದಿ ಹಾಕಿದರು. ಎಡಕ್ಕೆ ಸಿತಾರು, ಬಲಕ್ಕೆ ಸರೋದು, ನಡುವೆ ತಬಲಾ. ಕಣ್ಣು ಮುಚ್ಚಿದರೆ ಇಬ್ಬರು ವಾದಕರು ಎದುರಿಗೆ ಕುಳಿತಂತಿತ್ತು. ನನಗೆ ಮಕ್ಕಳ ಹುರುಪು ಬಂದಿತು. ಹೆಂಡತಿಗೆ, “ಕಣ್ಣ್ ಮುಚ್ಚಿ ಬಟ್ಟ್ ಮಾಡಿ ತೋರ್ಸು, ಸಿತಾರ್ ಎಲ್ಲೆ ಅದ?” ಎಂದೆ. ಅವಳು ಎಡಕ್ಕೆ ತೋರಿಸಿದಳು. “ಸರೋದ್?” ಅವಳು ತುಸು ತಡೆದು ಮತ್ತೆ ಎಡಕ್ಕೇ ಬೆರಳು ಮಾಡಿದಳು. ನಾನು ನಕ್ಕೆ. ಅಂಗಡಿಯವರು ನಗಲಿಲ್ಲ, ವ್ಯಾಪಾರದಲ್ಲಿ ಇಂಥದನ್ನು ಮೊದಲೂ ಕಂಡಿದ್ದರೆಂದು ತೋರುತ್ತದೆ.

“ಎರಡೂ ಒಂದ ಕಡೀನ ಅದಾವಲ್ರಿ,” ಎಂದಳು. ಆಮೇಲೆ ಕಣ್ಣು ತೆರೆದು, ನನ್ನನ್ನು ನೋಡದೆ, “ಬಲಗಿವಿ ಕೇಳ್ಸೂದಿಲ್ಲ. ಎರಡ್ ವರ್ಷ ಆತು. ನಿಮಗ ಹೇಳಿದ್ನೆಲ್ಲ. ನೀವು ಪೇಪರ್ ಓದ್ಲಿಕ್ಕ ಹತ್ತಿದ್ರಿ, ‘ಹೂಂ’ ಅಂದ್ರಿ.”

ಆ ದಿನ ಏನನ್ನೂ ಕೊಳ್ಳದೆ ಮರಳಿದೆವು. ಬಸ್ಸಿನಲ್ಲಿ ಕುಳಿತಾಗ ಒಂದೊಂದೇ ನೆನಪಿಗೆ ಬರತೊಡಗಿದವು. ಫೋನನ್ನು ಅವಳು ಯಾವಾಗಲೂ ಎಡಗಿವಿಗೇ ಹಿಡಿಯುವುದು. ಹಿತ್ತಲಿನಿಂದ ಕರೆದರೆ ಬೀದಿಬಾಗಿಲಿಗೆ ಹೋಗಿ ನೋಡುವುದು. ಮದುವೆಮನೆಗಳಿಗೆ, ಕಚೇರಿಗಳಿಗೆ ಬರುವುದನ್ನು ಬಿಟ್ಟು, ಗದ್ದಲ ಸಹಿಸುವುದಿಲ್ಲ ಎನ್ನುತ್ತಿದ್ದುದು. ಇವನ್ನೆಲ್ಲ ನಾನು ವಯಸ್ಸಿನ ಬೇಸರವೆಂದು ತಿಳಿದಿದ್ದೆ. ಕಿವಿಯ ವೈದ್ಯರು ಪರೀಕ್ಷೆ ಮಾಡಿ, ಒಮ್ಮೆಲೆ ಕಿವುಡಾದಾಗ ಮೊದಲ ಕೆಲವು ದಿನಗಳಲ್ಲಿ, ತಡವೆಂದರೆ ಎರಡು ವಾರದೊಳಗೆ ಔಷಧ ಆರಂಭಿಸಿದ್ದರೆ ಸ್ವಲ್ಪ ಆಶೆಯಿರುತ್ತಿತ್ತು, ಈಗ ನರವೇ ಸೋತಿದೆ ಎಂದರು. ಕೇಳುತ್ತಿರುವವರ ಮನೆಯಲ್ಲಿ ಯಾರಾದರೂ ಕಿವಿ ಗುಂಯ್‌ಗುಟ್ಟಿ ಮುಚ್ಚಿಕೊಂಡಿತೆಂದರೆ ದಯವಿಟ್ಟು ಪತ್ರಿಕೆಯನ್ನು ಕೆಳಗಿಡಿ, ಅದೇ ದಿನ ವೈದ್ಯರಲ್ಲಿಗೆ ಹೊರಡಿ. ಇದಕ್ಕಿಂತ ಹೆಚ್ಚು ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ.

ಸ್ಟೀರಿಯೋದ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಎರಡು ಕಿವಿಯ ವ್ಯತ್ಯಾಸದಿಂದ ಹುಟ್ಟುವ ಸುಖ ಒಂದು ಕಿವಿಯವರಿಗೆ ದಕ್ಕುವುದಿಲ್ಲ. ಪುಣೆಯಲ್ಲಿರುವ ಮಗ ಫೋನಿನಲ್ಲಿ, “ಅಪ್ಪಾ, ಅದೆಲ್ಲ ಬಿಡು, ಅವ್ವಗ ಒಂದು ಒಳ್ಳೆ ಹೆಡ್‌ಫೋನ್ ತಗೊಂಡ್ಬಿಡು,” ಎಂದ. ಅವನ ಸಲಹೆಯೇನೂ ತಪ್ಪಲ್ಲ. ಈಗಿನ ಫೋನುಗಳಲ್ಲಿ ಮೋನೋ ಎಂಬ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಎಡಬಲಗಳೆರಡೂ ಕೂಡಿ ಎರಡು ಕಿವಿಗೂ ಒಂದೇ ಆಗಿ ಬರುತ್ತವೆ, ಯಾವ ವಾದ್ಯವೂ ತಪ್ಪುವುದಿಲ್ಲ. ಅದನ್ನು ಆ ಹೊತ್ತಿಗೇ ಮಾಡಿಕೊಟ್ಟೆವು. ಆದರೆ ಹೆಡ್‌ಫೋನು ಹಾಕಿಕೊಂಡವರು ಒಂದೇ ಮನೆಯಲ್ಲಿದ್ದೂ ಬೇರೆ ಮನೆಯಲ್ಲಿದ್ದಂತೆ. ನಾನು ಗೋಡೆಗೆ ಬಣ್ಣ ಮಾಡಿಸುವ ಮಾತೆತ್ತಿದೆ. ಅವಳೇ ಒಪ್ಪಲಿಲ್ಲ. “ನಿಮಗ ಎರಡೂ ಅದಾವಲ್ಲ,” ಎಂದಳು. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಇಂದಿಗೂ ನನಗೆ ಗೊತ್ತಾಗಿಲ್ಲ.

ಆಗ ನಾನು ನನ್ನ ಪಟ್ಟಿಯನ್ನೆಲ್ಲ ಹರಿದು ಹೊಸದಾಗಿ ಬರೆದೆ. ಮೊದಲಿನ ಪ್ರಶ್ನೆ, ಯಾವ ಪೆಟ್ಟಿಗೆ ಶ್ರೇಷ್ಠ ಎಂಬುದಾಗಿತ್ತು. ಈಗಿನ ಪ್ರಶ್ನೆ, ಮೂರು ಕಿವಿಗಳು ಒಂದು ಕೋಣೆಯಲ್ಲಿ ಕುಳಿತು ಕೇಳುವುದು ಹೇಗೆ ಎಂಬುದು. ಹಾಗೆ ನೋಡಿದರೆ ನಾವು ಕೇಳಬಯಸುವುದರಲ್ಲಿ ಬಹುಭಾಗ ಮೋನೋ ಕಾಲದ್ದೇ. 1958ಕ್ಕೆ ಹಿಂದಿನ ತಟ್ಟೆಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ವಾಹಿನಿಯವು. ಮನ್ಸೂರರ ಹರೆಯದ ಮೂರು ನಿಮಿಷದ ತಟ್ಟೆಗಳು, ‘ಗಾಂಧಾರಿ’ ಎಂಬ ಹೆಸರಿನಲ್ಲಿ ಗಂಗೂಬಾಯಿಯವರು ಕೊಟ್ಟ ಮೊದಲ ತಟ್ಟೆಗಳು, ಇವಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಹೊಸ ಮುದ್ರಣಗಳಿಗೆ ಮಾತ್ರ ಎಡಬಲವನ್ನು ಕೂಡಿಸುವ ಗುಂಡಿಯೊಂದು ಆಂಪ್ಲಿಫಯರಿನಲ್ಲಿ ಇದ್ದರೆ ಸಾಕು.

ಆದರೆ ಇಂದಿನ ಅಗ್ಗದ ಆಂಪ್ಲಿಫಯರುಗಳಲ್ಲಿ ಆ ಗುಂಡಿ ನನಗೆ ಎಲ್ಲಿಯೂ ಕಾಣಲಿಲ್ಲ. ಸ್ಟೀರಿಯೋ ಇನ್ನೂ ಹೊಸದಾಗಿದ್ದಾಗ ಮೋನೋ ತಟ್ಟೆಗಳೂ ಬಳಕೆಯಲ್ಲಿದ್ದುದರಿಂದ ಹಳೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿತ್ತು. ಹೀಗಾಗಿ ಹಳೆಯದನ್ನು ಹುಡುಕಿಕೊಂಡು ಹೊರಟೆ. ಒಬ್ಬ ರಿಪೇರಿಯವರ ಬಳಿ 1980ರ ದಶಕದ, ಪ್ರತಿ ಬದಿಗೆ 25 ವ್ಯಾಟಿನ ದೇಶೀಯ ಆಂಪ್ಲಿಫಯರು ಸಿಕ್ಕಿತು. ಮುಂದೆ ಮೋನೋ ಗುಂಡಿ, ಎಡಬಲ ತೂಗುವ ಬ್ಯಾಲೆನ್ಸ್ ತಿರುಗಣೆ, ಎಲ್ಲ ಇದ್ದವು. ಹಳೆಯದನ್ನು ಕೊಳ್ಳುವವರು ಕೆಲವನ್ನು ಗಮನಿಸಬೇಕು. ನಲವತ್ತು ವರ್ಷ ಕಳೆದ ಯಂತ್ರದಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಳಗೇ ಒಣಗಿರುತ್ತವೆ. ಅವನ್ನು ಬದಲಿಸದೆ ಕೊಟ್ಟರೆ ಕೊಳ್ಳಬಾರದು. ಶಬ್ದದ ತಿರುಗಣೆ ಕರಕರ ಎಂದರೆ ಗಾಬರಿ ಬೇಡ, ಅದು ಧೂಳು, ತೊಳೆದರೆ ಹೋಗುತ್ತದೆ. ಹಾಡು ನಿಂತಾಗ ಗುಂಯ್ ಎಂಬ ದನಿ ಉಳಿದರೆ ಮಾತ್ರ ಕಾರಣ ಕೇಳಬೇಕು. ಕೆಪಾಸಿಟರು ಬದಲಿಸಿ, ಮೂರು ತಿಂಗಳ ಹೊಣೆ ಹೊತ್ತು, ಅವರು ತೆಗೆದುಕೊಂಡದ್ದು 7,500.

ಸ್ಪೀಕರುಗಳನ್ನು ಮಾತ್ರ ಹೊಸದಾಗಿಯೇ ಕೊಂಡೆ, ಆ ಮೂರನೆಯ ಅಂಗಡಿಯಲ್ಲಿ, ಜೋಡಿಗೆ 18,500. ಅರ್ಧಕ್ಕಿಂತ ಹೆಚ್ಚು ಹಣ ಅಲ್ಲಿಯೇ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ; ಕೊನೆಗೆ ಗಾಳಿಯನ್ನು ಅಲುಗಿಸುವುದು ಅವು ಮಾತ್ರ. ಒಂದೇ ಕೊಟ್ಟರೆ ಸಾಕೆಂದು ಕೇಳಿ ನೋಡಿದೆ. “ಜೋಡಿ ಎತ್ತು ಒಡದು ಮಾರಿದಂಗ ಆಕ್ಕೈತ್ರಿ,” ಎಂದು ಅಂಗಡಿಯವರು ನಕ್ಕರು. ಫೋನಿನಿಂದ ಹಾಡನ್ನು ಆಂಪ್ಲಿಫಯರಿಗೆ ತಲುಪಿಸುವ ಪುಟ್ಟ ಬ್ಲೂಟೂತ್ ಡಬ್ಬಿಗೆ 1,100. ತಂತಿಗೆ 700, ಮನೆಯ ವಯರಿಂಗಿಗೆ ಬಳಸುವ ದಪ್ಪ ತಾಮ್ರದ ತಂತಿಯೇ ಸಾಕು, ಬೆಳ್ಳಿಯ ಬೆಲೆಗೆ ಮಾರುವ ತಂತಿಗಳು ನಮ್ಮಂಥವರಿಗಲ್ಲ. ಎತ್ತರದ ಸ್ಪೀಕರನ್ನು ಕೂತವರ ಕಿವಿಯ ಮಟ್ಟಕ್ಕೆ ತರುವ ಎರಡು ಕಟ್ಟಿಗೆ ಪೀಠಗಳನ್ನು ಬಡಿಗೇರರು 1,600ಕ್ಕೆ ಮಾಡಿಕೊಟ್ಟರು.

ಎಲ್ಲವನ್ನೂ ಜೋಡಿಸಿ ಹಾಡು ಹಾಕಿದ ಮೊದಲ ಸಂಜೆ ಅವಳು ಹತ್ತು ನಿಮಿಷ ಕುಳಿತು ಎದ್ದುಹೋದಳು. “ಎಲ್ಲಾ ಕಲಸಿಧಂಗ ಆಗ್ತದ್ರಿ,” ಎಂದಳು. ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ತಪ್ಪು ಯಂತ್ರದ್ದಲ್ಲ, ಪಡಸಾಲೆಯದು. ಕಾಂಕ್ರೀಟು ಮಾಳಿಗೆ, ಬರಿಯ ಗೋಡೆ, ಕೆಂಪು ಗಾರೆಯ ನೆಲ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಗೋಡೆಗಳು ಚಿರ್‌ರೆಂದು ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಎರಡು ಕಿವಿ ಇರುವವರ ಮೆದುಳು ಈ ಮಾರ್ದನಿಯನ್ನು ಬಹುಮಟ್ಟಿಗೆ ಬದಿಗೆ ಸರಿಸಿ ಮೂಲದ ದನಿಯನ್ನು ಹಿಡಿದುಕೊಳ್ಳುತ್ತದೆ. ಒಂದೇ ಕಿವಿಯವರಿಗೆ ಈ ಸೌಲಭ್ಯ ಕಡಿಮೆ. ಹಾಡು, ಮಾರ್ದನಿ, ಬೀದಿಯ ಆಟೋ ಎಲ್ಲವೂ ಒಂದೇ ಬಾಗಿಲಿನಿಂದ ನುಗ್ಗುತ್ತವೆ. ಮದುವೆಮನೆಯಲ್ಲಿ ಅವಳಿಗಾಗುತ್ತಿದ್ದ ಕಷ್ಟವೂ ಇದೇ ಎಂಬುದು ನನಗೆ ಆಗ ತಿಳಿಯಿತು.

ಇದಕ್ಕೆ ಮದ್ದು ನಮ್ಮ ಟ್ರಂಕಿನಲ್ಲಿಯೇ ಇತ್ತು. ನಮ್ಮ ತಾಯಿ ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದ ನಾಲ್ಕು ಕೌದಿಗಳು. ದಪ್ಪ ಬಟ್ಟೆ ಶಬ್ದವನ್ನು ಹೀರುತ್ತದೆ. ಗೋಡೆಗೆ ಅಂಟಿಸದೆ ಎರಡು ಮೂರು ಅಂಗುಲ ಬಿಟ್ಟು ತೂಗಹಾಕಿದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಸ್ಪೀಕರಿನಿಂದ ಹೊರಟ ದನಿ ಮೊದಲು ಬಡಿಯುವ ಎರಡು ಪಕ್ಕದ ಗೋಡೆಗಳಿಗೆ ಒಂದೊಂದು, ಬೆನ್ನ ಹಿಂದೆ ಒಂದು, ಹೀಗೆ ಮೂರನ್ನು ಕಟ್ಟಿಗೆಯ ಪಟ್ಟಿಗೆ ತೂಗಿಸಿದೆವು. ಅವಳು ನೀಲಿಯ ಇಳಕಲ್ ಸೆರಗಿರುವುದನ್ನು ಎದುರಿಗೆ ಕಾಣುವಂತೆ ಹಾಕಿಸಿದಳು. ಉಳಿದ ಗೋಡೆಗೆ ನನ್ನ ಪುಸ್ತಕದ ಕಪಾಟು ಬಂತು. ಎತ್ತರ ತಗ್ಗಾಗಿ ನಿಂತ ಪುಸ್ತಕಗಳು ದನಿಯನ್ನು ಚೆದುರಿಸುತ್ತವೆ. ಓದದಿದ್ದರೂ ಇಷ್ಟಾದರೂ ಉಪಯೋಗ. ಪಟ್ಟಿ, ಮೊಳೆ, ಕಿಟಕಿಯ ದಪ್ಪ ಪರದೆ ಎಲ್ಲ ಸೇರಿ 1,400. ಬಣ್ಣ ಕಾಣದ ಗೋಡೆಗಳೂ ಹೀಗೆ ಮುಚ್ಚಿಹೋದವು.

ಎಲ್ಲ ಕೂಡಿಸಿ 30,800 ಆಯಿತು. ಉಳಿದ 4,200ಕ್ಕೆ ರೆಕಾರ್ಡ್ ಪ್ಲೇಯರು ಬರುತ್ತದಲ್ಲ ಎಂದು ನೀವು ಕೇಳಬಹುದು. ಸೂಟ್‌ಕೇಸಿನಂತೆ ಮುಚ್ಚುವ ಅಂದವಾದ ಪ್ಲೇಯರುಗಳು ಆ ಬೆಲೆಗೆ ಸಿಗುತ್ತವೆ, ನಿಜ. ಆದರೆ ಅಂಥವುಗಳ ಮುಳ್ಳು ತಟ್ಟೆಯ ಮೇಲೆ ಐದಾರು ಗ್ರಾಮಿನ ಭಾರ ಹಾಕುತ್ತದೆ. ಒಳ್ಳೆಯದರದು ಎರಡು ಗ್ರಾಮಿನ ಆಸುಪಾಸು. ಸೋದರಮಾವನ ತಟ್ಟೆಗಳನ್ನು ಉತ್ತು ಹಾಳುಮಾಡುವುದಕ್ಕಿಂತ ಅವು ಇನ್ನೊಂದು ವರ್ಷ ಅಟ್ಟದ ಮೇಲೆ ನಿಂತಿರಲಿ ಎಂದು ಹಣವನ್ನು ಹಾಗೇ ತೆಗೆದಿಟ್ಟಿದ್ದೇನೆ. ತಟ್ಟೆಗಳನ್ನು ಮಲಗಿಸಿ ಒಂದರ ಮೇಲೊಂದು ಹೇರಬಾರದು, ನಿಲ್ಲಿಸಿಯೇ ಇಡಬೇಕು. ಅಷ್ಟನ್ನು ಮಾತ್ರ ಮಾಡಿದ್ದೇನೆ.

ಕೂರುವ ಜಾಗದ ಮಾತೊಂದು ಉಳಿಯಿತು. ಪುಸ್ತಕದ ಪ್ರಕಾರ ಎರಡು ಸ್ಪೀಕರು ಮತ್ತು ಕೇಳುಗ ಸೇರಿ ಸಮಬಾಹು ತ್ರಿಕೋನವಾಗಬೇಕು. ನಮ್ಮಲ್ಲಿ ಕೇಳುಗರು ಇಬ್ಬರು, ತ್ರಿಕೋನದ ತುದಿ ಒಂದು. ಮೊದಲು ಅವಳನ್ನೇ ನಡುವೆ ಕೂರಿಸಿದೆ. ಅದು ತಪ್ಪಾಯಿತು. ಬಲದ ಸ್ಪೀಕರಿನ ಸಣ್ಣ ದನಿಗಳಿಗೆ ಅವಳ ತಲೆಯೇ ಅಡ್ಡವಾಗುತ್ತಿತ್ತು; ಮಂದ್ರದ ಅಲೆಗಳು ತಲೆಯನ್ನು ಬಳಸಿ ಬರುತ್ತವೆ, ತಾರದ ಅಲೆಗಳಿಗೆ ಅದು ಆಗುವುದಿಲ್ಲ. ಆಮೇಲೆ ಅವಳ ಕುರ್ಚಿಯನ್ನು ಬಲತುದಿಗೆ ಸರಿಸಿ, ಎಡಗಿವಿ ಎರಡು ಸ್ಪೀಕರಿಗೂ ಎದುರಾಗುವಂತೆ ಓರೆಯಾಗಿ ಇಟ್ಟೆವು. ಈಗ ನಾನು ಅವಳ ಎಡಕ್ಕೆ. ಮೂವತ್ತೈದು ವರ್ಷ ನಾನು ಕೂತದ್ದು ಬಲಕ್ಕೆ. ಮೋನೋ ಗುಂಡಿ ಒತ್ತಿಯೇ ಇರುತ್ತದೆ. ಅವಳು ಹೊರಗೆ ಹೋದಾಗ ಒಮ್ಮೆ ಬಿಟ್ಟು ನೋಡಿದೆ; ಸಿತಾರು ಎಡಕ್ಕೆ ಹೋಯಿತು, ಸರೋದು ಬಲಕ್ಕೆ ಹೋಯಿತು, ಸೊಗಸಾಗಿಯೇ ಇತ್ತು. ಅವಳು ಬರುವ ಮುಂಚೆ ಮತ್ತೆ ಒತ್ತಿದೆ.

ಹೋದ ವಾರ ಗಂಗೂಬಾಯಿಯವರ ಹಾಡು ಮುಗಿದಾಗ, “ತಂಬೂರಿ ಪಂಚಮ ಒಂದ್ ಎಳಿ ಇಳದದ,” ಎಂದಳು. ನನಗೆ ಅದು ಗೊತ್ತಾಗಿರಲಿಲ್ಲ. ಮತ್ತೆ ಹಾಕಿ ಕೇಳಿದೆ, ಆಗಲೂ ಗೊತ್ತಾಗಲಿಲ್ಲ. ಕುರ್ಚಿಯ ಕಾಲುಗಳ ಜಾಗ ತಪ್ಪದಿರಲೆಂದು ಗಾರೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿದ್ದೇನೆ. ಬೆಳಿಗ್ಗೆ ನೆಲ ಒರೆಸುವಾಗ ಅವಳು ಅದನ್ನು ಅಳಿಸುತ್ತಾಳೆ. ಸಂಜೆ ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ, ತಲೆಯನ್ನು ಓರೆ ಮಾಡಿ, ಇಲ್ಲಿ ಎಂದು ಅವಳು ಹೇಳಿದ ಮೇಲೆ ನಾನು ಮತ್ತೆ ಗೀಟು ಎಳೆಯುತ್ತೇನೆ.